ತಾವು ನೋಡದ ಕೋಣೆಯ ಬೆಳಕಿನ ಬಗ್ಗೆ

ಮಾನ್ಯ ಮುಖ್ಯ ನ್ಯಾಯಮೂರ್ತಿಗಳೇ,

ನನ್ನ ಕೋಣೆಯಲ್ಲಿ ಸಾಕಷ್ಟು ಬೆಳಕಿದೆ ಎಂದು ತಮ್ಮ ನ್ಯಾಯಾಲಯ ತೀರ್ಪು ಕೊಟ್ಟು ಇವತ್ತಿಗೆ ಎಪ್ಪತ್ತೆರಡು ದಿನ. ತೀರ್ಪು ಬಂದ ಮೇಲೂ ಕೋಣೆ ಮೊದಲಿನಂತೆಯೇ ಕತ್ತಲಾಗಿದೆ. ಇದು ನ್ಯಾಯಾಂಗ ನಿಂದನೆ ಆಗುತ್ತದೋ ಏನೋ, ನನಗೆ ತಿಳಿಯದು. ಆಗುವುದಾದರೆ ದಯವಿಟ್ಟು ನೋಟಿಸನ್ನು ಕೋಣೆಯ ಹೆಸರಿಗೆ ಕಳುಹಿಸಿ. ನಾನು ನನ್ನ ಕೈಲಾದಷ್ಟು ಅದಕ್ಕೆ ಬುದ್ಧಿ ಹೇಳಿದ್ದೇನೆ, ತೀರ್ಪನ್ನು ಗಟ್ಟಿಯಾಗಿ ಓದಿಯೂ ಹೇಳಿದ್ದೇನೆ. ಅದು ಕೇಳುವ ಹಾಗೆ ಕಾಣುವುದಿಲ್ಲ.

ನಾನು ರಫು ಕೆಲಸದವಳು. ಬಟ್ಟೆ ಹರಿದಲ್ಲಿ, ಸುಟ್ಟಲ್ಲಿ, ಹುಳ ತಿಂದಲ್ಲಿ ಎಳೆ ಎಳೆಯಾಗಿ ಸೂಜಿಯಿಂದ ಮತ್ತೆ ನೇಯ್ದು, ಅಲ್ಲಿ ಏನೂ ಆಗಿರಲೇ ಇಲ್ಲ ಎನ್ನಿಸುವುದು ನನ್ನ ಕಸುಬು. ನನ್ನ ದೊಡ್ಡಮ್ಮ ಕಲಿಸಿದ್ದು. ಮೂವತ್ತೊಂದು ವರ್ಷದಿಂದ ಅದೇ ಎರಡನೇ ಮಹಡಿಯ ಕೋಣೆ, ಅದೇ ಉತ್ತರದ ಕಿಟಕಿ. ಉತ್ತರದ್ದೇ ಯಾಕೆಂದರೆ ಆ ಕಡೆಯಿಂದ ನೇರ ಬಿಸಿಲು ಬೀಳುವುದಿಲ್ಲ, ಬೆಳಗಿನಿಂದ ಸಂಜೆಯವರೆಗೆ ಒಂದೇ ಹದದ ಬೆಳಕು. ಮೂರು ವರ್ಷದ ಹಿಂದೆ ಪಕ್ಕದ ಗೋದಾಮಿನ ಮಾಲೀಕರು ತಮ್ಮ ತಾರಸಿಯ ಸುತ್ತ ಎರಡಾಳೆತ್ತರದ ಗೋಡೆ ಎಬ್ಬಿಸಿದರು. ರಸ್ತೆಯ ಕಡೆ ಅವರ ಹೊಸ ಬೋರ್ಡು ಎತ್ತರದಲ್ಲಿ ಕಾಣಬೇಕಿತ್ತು. ನಾಲ್ಕೂ ಕಡೆ ಒಂದೇ ಎತ್ತರ ಇದ್ದರೆ ನೋಡಲು ಲಕ್ಷಣವಾಗಿರುತ್ತದೆ ಎಂದು ನನ್ನ ಕಡೆಯೂ ಅಷ್ಟೇ ಏರಿಸಿದರು. ಆ ಗೋಡೆಯ ಹಿಂದೆ ಒಂದು ಕೋಣೆಯಿಲ್ಲ, ಒಂದು ಮೂಟೆಯೂ ಇಲ್ಲ. ಬರೀ ಬಯಲು ತಾರಸಿ. ನನ್ನ ಕಿಟಕಿಗೂ ಅದಕ್ಕೂ ನಡುವೆ ಒಂದೂವರೆ ಅಡಿ. ಕೈ ಚಾಚಿದರೆ ಸಿಮೆಂಟು ಸಿಗುತ್ತದೆ. ಮುಟ್ಟಿ ನೋಡಿದ್ದೇನೆ, ಬೈದೂ ನೋಡಿದ್ದೇನೆ.

ಇಡೀ ಕಟ್ಟಡ ಕೆಡವಿ ಎಂದು ನಾನು ಕೇಳಿಲ್ಲ. ಅವರ ಬೋರ್ಡು ಆಕಾಶ ಮುಟ್ಟಲಿ, ನನ್ನ ಅಭ್ಯಂತರವಿಲ್ಲ. ನನ್ನ ಕಿಟಕಿಯ ಎದುರಿನ ಆ ಒಂದು ಭಾಗವನ್ನು ಮಾತ್ರ ಮೊದಲಿನ ಎತ್ತರಕ್ಕೆ ಇಳಿಸಿ ಎಂದು ದಾವೆ ಹಾಕಿದೆ. ಅಷ್ಟೇ ನನ್ನ ಬೇಡಿಕೆ, ಮೂರು ವರ್ಷದಿಂದಲೂ.

ದೀಪ ಹಾಕಿಕೊಳ್ಳಬಾರದೇ ಎಂದು ಎಲ್ಲರೂ ಕೇಳುತ್ತಾರೆ. ತಮ್ಮ ಕೆಳಗಿನ ನ್ಯಾಯಾಲಯವೂ ಕೇಳಿತು, 'ವಿದ್ಯುತ್ ಸೌಲಭ್ಯವಿರುವ ಈ ಕಾಲದಲ್ಲಿ' ಎಂದು ಒಂದು ಉದ್ದನೆಯ ವಾಕ್ಯ ಬರೆದು. ಸ್ವಾಮಿ, ನನ್ನ ಕೆಲಸದಲ್ಲಿ ಅರ್ಧ ಸೂಜಿಯದ್ದು, ಅರ್ಧ ಬಣ್ಣದ್ದು. ಕೋಟಿನ ಒಳಮಡಿಕೆಯಿಂದ ಎಳೆ ಬಿಚ್ಚಿ ತೆಗೆಯಬಹುದು, ಆದರೆ ಒಳಗಿನ ಎಳೆ ಬಿಸಿಲು ಕಾಣದೆ ಹೊಸದಾಗಿಯೇ ಉಳಿದಿರುತ್ತದೆ, ಹೊರಗಿನದು ಮಾಸಿರುತ್ತದೆ. ಆಗ ನನ್ನ ಪೆಟ್ಟಿಗೆಯ ನೂರಾರು ನೂಲಿನ ಲಡಿಗಳಲ್ಲಿ ಆ ಮಾಸಿದ ಬಣ್ಣವನ್ನು ಹುಡುಕಬೇಕು. ದೀಪದ ಕೆಳಗೆ ಕಪ್ಪೂ ಕಡುನೀಲಿಯೂ ಅವಳಿ ಜವಳಿಗಳ ಹಾಗೆ ಕಾಣುತ್ತವೆ. ಬಿಳಿ ದೀಪ, ಹಳದಿ ದೀಪ, ಅಂಗಡಿಯವನು ಆಣೆ ಮಾಡಿ ಕೊಟ್ಟ ದೀಪ, ಎಲ್ಲವನ್ನೂ ತಂದು ನೋಡಿದೆ. ಹೋದ ವರ್ಷ ಒಬ್ಬ ಪಿಟೀಲು ವಾದಕರ ಕಪ್ಪು ಕೋಟನ್ನು ದೀಪದ ಕೆಳಗೇ ರಫು ಮಾಡಿಕೊಟ್ಟೆ. ಮಾರನೇ ದಿನ ಮಧ್ಯಾಹ್ನ ಬಂದು ಬಾಗಿಲಲ್ಲಿ ನಿಂತರು. ನನ್ನನ್ನು ಮೆಟ್ಟಿಲಿಳಿಸಿ ಬೀದಿಗೆ ಕರೆದುಕೊಂಡು ಹೋಗಿ ಬೆನ್ನು ತಿರುಗಿಸಿ ನಿಂತರು. ಅವರ ಬೆನ್ನ ಮೇಲೆ ಅಂಗೈಯಗಲ ನೀಲಿ. ಮೂವತ್ತೊಂದು ವರ್ಷದಲ್ಲಿ ಮೊದಲ ಸಲ ನನ್ನ ಕೆಲಸ ಎಲ್ಲಿ ಮಾಡಿದ್ದೇನೆಂದು ದೂರದಿಂದಲೇ ಕಾಣುತ್ತಿತ್ತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅಂದಿನಿಂದ ಲಡಿಗಳ ಪೆಟ್ಟಿಗೆ ಹೊತ್ತು ಬೀದಿಗಿಳಿದು ಬಣ್ಣ ಹೊಂದಿಸುತ್ತೇನೆ. ಮಳೆ ಬಂದ ದಿನ ಕೆಲಸವಿಲ್ಲ. ಗಿರಾಕಿಗಳು ಒಬ್ಬೊಬ್ಬರಾಗಿ ಕಳಚಿಕೊಳ್ಳುತ್ತಿದ್ದಾರೆ, ಮತ್ತು ಅವರ ಮೇಲೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ನನಗಿಲ್ಲ.

ಈಗ ಆ ದಿನದ ಕತೆಗೆ ಬರುತ್ತೇನೆ. ಕೋಣೆಯನ್ನು ನೋಡಿ ವರದಿ ಕೊಡಲು ಕೆಳಗಿನ ನ್ಯಾಯಾಲಯ ಒಬ್ಬ ವಕೀಲರನ್ನು ಕಮಿಷನರ್ ಆಗಿ ನೇಮಿಸಿತು. ನ್ಯಾಯಾಧೀಶರು ತಾವೇ ಬರಬಹುದಿತ್ತು, ಕಾನೂನಿನಲ್ಲಿ ಅದಕ್ಕೆ ಅವಕಾಶವಿದೆ. ಆದರೆ ಅವರಿಗೆ ಪುರುಸೊತ್ತಿರಲಿಲ್ಲವಂತೆ. ಆಗಲಿ. ಕಮಿಷನರ್ ಬರುವ ದಿನ ನಾನು ಅವರಿಗೆ ದಾರಿ ತೋರಿಸಲೆಂದು ಬೀದಿಯ ತುದಿಗೆ ಹೋಗಿ ನಿಂತಿದ್ದೆ. ಮನೆಯಲ್ಲಿ ನನ್ನ ಅತ್ತಿಗೆ ಇದ್ದರು. ಅಣ್ಣ ತೀರಿಕೊಂಡ ಮೇಲೆ ನಾವಿಬ್ಬರೇ, ಅವರು ಬಟ್ಟೆ ಒಗೆದು ಇಸ್ತ್ರಿ ಹಾಕಿಕೊಡುತ್ತಾರೆ, ನಾನು ರಫು ಮಾಡುತ್ತೇನೆ. ಕಮಿಷನರನ್ನು ಕರೆದುಕೊಂಡು ಮೆಟ್ಟಿಲು ಹತ್ತಿ ಬಾಗಿಲು ತಳ್ಳಿದೆ. ಕೋಣೆ ಝಗಝಗ ಅನ್ನುತ್ತಿತ್ತು.

ಅತ್ತಿಗೆ ನಮ್ಮಲ್ಲಿದ್ದ ಎರಡು ದೀಪ ಹಾಕಿದ್ದಲ್ಲದೆ, ಕೆಳಮನೆಯ ಬಡಗಿಯ ಹತ್ತಿರ ಹೋಗಿ ಅವನು ಕೆಲಸಕ್ಕೆ ಬಳಸುವ ದೊಡ್ಡ ದೀಪವನ್ನೂ ಕೇಳಿ ತಂದು ಮೊಳೆಗೆ ನೇತುಹಾಕಿದ್ದರು. ನೆಲ ಒರೆಸಿದ್ದರು. ಕುರ್ಚಿಯ ಮೇಲೆ ಒಗೆದ ಹೊದಿಕೆ ಹಾಸಿದ್ದರು. ತಾವೂ ಒಳ್ಳೆಯ ಬಟ್ಟೆ ಉಟ್ಟು ಗೋಡೆಗೆ ಒರಗಿ ನಿಂತಿದ್ದರು.

"ಬನ್ನಿ ಸಾರ್, ಕೂತ್ಕೊಳ್ಳಿ. ಮೆಟ್ಟಿಲು ಹತ್ತಿ ಸುಸ್ತಾಗಿರ್ತೀರ, ನೀರು ಕುಡೀರಿ," ಎಂದರು.

ನಾನು ಅವರ ಕಿವಿಯಲ್ಲಿ, "ಅತ್ತಿಗೆ, ಇದೇನು ಮಾಡಿಬಿಟ್ರಿ?" ಎಂದೆ.

"ಕೋರ್ಟಿನೋರು ಬರ್ತಾರೆ ಅಂದ್ರೆ ಕತ್ತಲಲ್ಲಿ ಕೂರಿಸೋಕಾಗುತ್ತಾ? ಏನಂದ್ಕೊಂಡಾರು ನಮ್ಮನ್ನ?" ಎಂದು ಅವರೂ ಪಿಸುಗುಟ್ಟಿದರು.

ಆಗ ನಾನು ಏನು ಮಾಡಬೇಕಿತ್ತು, ಹೇಳಿ. ಹೋಗಿ ದೀಪ ಆರಿಸಬೇಕಿತ್ತು. ಆರಿಸಲಿಲ್ಲ. ಮನೆಗೆ ಬಂದ ಅಧಿಕಾರಿ ಕುರ್ಚಿಯಲ್ಲಿ ಕುಳಿತು ನೀರು ಕುಡಿಯುತ್ತಿರುವಾಗ ಅವರ ಮುಖದ ಮೇಲಿನ ಬೆಳಕನ್ನು ಪಟ್ಟನೆ ಆರಿಸಲು ನನ್ನ ಕೈ ಏಳಲಿಲ್ಲ. ಅದೂ ಅಲ್ಲದೆ, ನೋಡಲು ಬಂದವರು ನೋಡುತ್ತಾರೆ ಎಂದುಕೊಂಡೆ. ಕಣ್ಣಿದ್ದವರಿಗೆ ದೀಪ ಯಾವುದು, ಹಗಲು ಯಾವುದು ಎಂದು ಬಿಡಿಸಿ ಹೇಳಬೇಕೇ? ಅವರು ಟೇಪು ಹಿಡಿದು ಕಿಟಕಿ ಅಳೆದರು. ಗೋಡೆಯ ದೂರ ಅಳೆದರು. "ಹತ್ತಿರಾನೇ ಇದೆಯಲ್ಲಮ್ಮಾ," ಎಂದರು. ನಾನು ಮೂರ್ಖಳು, ಆ ಒಂದು ಮಾತಿಗೆ ಹಿಗ್ಗಿಹೋದೆ.

ವರದಿಯಲ್ಲಿ ಅಳತೆಗಳೆಲ್ಲ ಅಂಗುಲ ತಪ್ಪದೆ ಇದ್ದವು. ಕೊನೆಗೆ ಎರಡು ವಾಕ್ಯ: 'ಪರಿಶೀಲನೆಯ ಸಮಯದಲ್ಲಿ ಕೋಣೆಯು ಸಾಕಷ್ಟು ಬೆಳಕಿನಿಂದ ಕೂಡಿತ್ತು. ನನಗೆ ಒದಗಿಸಲಾದ ಕುರ್ಚಿಯಲ್ಲಿ ಕುಳಿತು ನನ್ನ ಟಿಪ್ಪಣಿಗಳನ್ನು ಯಾವುದೇ ತೊಂದರೆಯಿಲ್ಲದೆ ಓದಿಕೊಂಡಿರುತ್ತೇನೆ.' ಓದಿ ಮೈಯೆಲ್ಲ ಉರಿದುಹೋಯಿತು. ಆಕ್ಷೇಪಣೆ ಸಲ್ಲಿಸಿದೆವು. ಮೂರು ದೀಪ ಹಾಕಿತ್ತು, ಒಂದು ಬಡಗಿಯದು, ಬೇಕಾದರೆ ಅವನನ್ನು ಕರೆದು ಕೇಳಿ, ಅತ್ತಿಗೆಯನ್ನು ಕಟಕಟೆ ಹತ್ತಿಸಿ ಎಂದೆವು. ಅತ್ತಿಗೆಯೂ ಹತ್ತಿ ಅದನ್ನೇ ಹೇಳಿದರು. ಅದಕ್ಕೆ ನ್ಯಾಯಾಲಯ ಬರೆದದ್ದನ್ನು ನಾನು ಬಾಯಿಪಾಠ ಮಾಡಿದ್ದೇನೆ: 'ಕೋಣೆಯು ಕತ್ತಲೆಯೆಂಬುದೇ ವಾದಿಯ ಪ್ರಕರಣವಾಗಿರುವಾಗ, ಪರಿಶೀಲನೆಯ ದಿನ ಅದನ್ನು ವಾದಿಯ ಕುಟುಂಬದವರೇ ಬೆಳಗಿಸಿದರೆಂಬುದನ್ನು ಯಾವ ವಿವೇಕಿಯೂ ನಂಬಲಾರ. ಇದು ಸೋಲಿನ ಸುಳಿವು ಸಿಕ್ಕ ಮೇಲೆ ಹೊಳೆದ ಕಥೆ.'

ಈ ಮಾತಿನಲ್ಲಿ ಎಷ್ಟು ಅವಮಾನ ಇದೆ ಎಂದು ತಮಗೆ ಅರ್ಥವಾಗುತ್ತದೆಯೇ? ನ್ಯಾಯಾಲಯವನ್ನು ಅಷ್ಟೊಂದು ಗೌರವಿಸುವ ಮನುಷ್ಯರು ಇರಬಹುದು ಎಂದು ನ್ಯಾಯಾಲಯಕ್ಕೇ ನಂಬಿಕೆ ಬರಲಿಲ್ಲ. ತನ್ನ ಕೇಸು ಹಾಳಾದರೂ ಸರಿ, ಕೋರ್ಟಿನವರನ್ನು ಕತ್ತಲಲ್ಲಿ ಕೂರಿಸಬಾರದು ಎನ್ನುವ ಹೆಂಗಸು ತಮ್ಮ ಪುಸ್ತಕಗಳಲ್ಲಿ ಎಲ್ಲಿಯೂ ಸಿಗುವುದಿಲ್ಲ. ತಮ್ಮ ಪುಸ್ತಕದಲ್ಲಿ ಇರುವವನು ಆ 'ವಿವೇಕಿ' ಎಂಬ ಪುಣ್ಯಾತ್ಮ. ಅವನು ಯಾವ ಊರಿನವನೋ, ಯಾರ ಮನೆಯಲ್ಲಿ ಬೆಳೆದವನೋ, ಅತಿಥಿ ಬಂದರೆ ಬಾಗಿಲ ಬಳಿ ನಿಲ್ಲಿಸಿ ಲಾಭ ನಷ್ಟ ಲೆಕ್ಕ ಹಾಕುವವನು. ಅವನ ಮುಂದೆ ನನ್ನ ಅತ್ತಿಗೆ ಸುಳ್ಳುಗಾರ್ತಿ.

ಮೇಲ್ಮನವಿ ಹಾಕಿದೆ. ಮಧ್ಯದ ನ್ಯಾಯಾಲಯದ ಇಬ್ಬರು, ಕೆಳಗಿನವರು ಸಾಕ್ಷಿಯನ್ನು ಕಣ್ಣಾರೆ ಕಂಡಿದ್ದಾರೆ, ನಾವು ಅದರಲ್ಲಿ ಕೈ ಹಾಕಲಾರೆವು ಎಂದರು. ತಮ್ಮ ನ್ಯಾಯಾಲಯದ ಇಬ್ಬರು, ಎರಡೂ ನ್ಯಾಯಾಲಯಗಳು ಒಂದೇ ತೀರ್ಮಾನಕ್ಕೆ ಬಂದಿರುವಾಗ ವಾಸ್ತವಾಂಶವನ್ನು ಮತ್ತೆ ಕೆದಕಲು ಬರುವುದಿಲ್ಲ ಎಂದರು. ಎಂಥ ವಾಸ್ತವಾಂಶ, ಸ್ವಾಮಿ? ಒಬ್ಬ ವಕೀಲರು ಕುರ್ಚಿಯಲ್ಲಿ ಕುಳಿತು ಬರೆದದ್ದನ್ನು ಮೊದಲನೆಯವರು ನಂಬಿದರು, ಅವರು ನಂಬಿದ್ದನ್ನು ನಡುವಿನವರು ನಂಬಿದರು, ನಡುವಿನವರು ನಂಬಿದ್ದನ್ನು ಮೇಲಿನವರು ನಂಬಿದರು. ಐವರು ನ್ಯಾಯಾಧೀಶರು, ಹತ್ತು ಕಣ್ಣು. ತಮ್ಮ ನ್ಯಾಯಾಲಯದಿಂದ ನನ್ನ ಮನೆಗೆ ನಡೆದರೆ ಹನ್ನೊಂದು ನಿಮಿಷ, ಮಂಡಿನೋವಿನ ಅತ್ತಿಗೆಯ ನಡಿಗೆಯಲ್ಲಿ ಹತ್ತೊಂಬತ್ತು. ಹತ್ತರಲ್ಲಿ ಒಂದು ಕಣ್ಣೂ ಇತ್ತ ಬರಲಿಲ್ಲ.

ನನ್ನ ಗಿರಾಕಿಗಳಲ್ಲಿ ಒಬ್ಬ ಮೇಷ್ಟ್ರಿದ್ದಾರೆ, ಕಾನೂನು ಪಾಠ ಹೇಳಿ ನಿವೃತ್ತರಾದವರು. ಇಪ್ಪತ್ತು ವರ್ಷದಿಂದ ಅವರ ಒಂದೇ ಕೋಟಿನ ಮೊಣಕೈಯನ್ನು ನಾನು ರಫು ಮಾಡುತ್ತಿದ್ದೇನೆ. ಈಗ ಆ ಮೊಣಕೈಯಲ್ಲಿ ಅವರ ಕೋಟಿಗಿಂತ ನನ್ನ ನೂಲೇ ಹೆಚ್ಚು. ತೀರ್ಪು ಬಂದ ವಾರ ನಾನು ಅವರ ಮೇಲೆ ಹರಿಹಾಯ್ದೆ. "ನೀವು ಇದನ್ನೇನಾ ಮೇಷ್ಟ್ರೇ ಜೀವಮಾನ ಪೂರ್ತಿ ಪಾಠ ಮಾಡಿದ್ದು?" ಎಂದೆ.

ಅವರು ಬೇಜಾರು ಮಾಡಿಕೊಳ್ಳಲಿಲ್ಲ. "ಕೂತ್ಕೊಳಮ್ಮಾ, ಹೇಳ್ತೀನಿ," ಎಂದು ಶುರುಮಾಡಿದರು. "ನ್ಯಾಯ ಹೇಳೋ ಅಧಿಕಾರ ಮೊದಲು ರಾಜನದ್ದು. ಅವನೇ ಕೂತು ಕೇಳ್ತಿದ್ದ. ರಾಜ್ಯ ದೊಡ್ಡದಾಯ್ತು, ಅವನಿಗೆ ಸಾಕಾಯ್ತು, ತನ್ನ ಪರವಾಗಿ ಒಬ್ಬನ್ನ ಕೂರಿಸಿದ. ಕೆಲವು ದೇಶದಲ್ಲಿ ಆ ನ್ಯಾಯಾಧೀಶರು ಕುದುರೆ ಹತ್ತಿ ಊರೂರು ತಿರುಗ್ತಿದ್ರು. ಊರಿಗೆ ಹೋಗಿ ಅಕ್ಕಪಕ್ಕದವರನ್ನೇ ಹನ್ನೆರಡು ಜನ ಕರೆದು, ನಿಜ ಏನು ಹೇಳ್ರಪ್ಪಾ ಅಂತಿದ್ರು. ಯಾಕಂದ್ರೆ ನೆರೆಯವರಿಗೆ ಗೊತ್ತಿರುತ್ತೆ."

"ಆಮೇಲೆ?"

"ಆಮೇಲೆ ಅದು ತಿರುಗುಮುರುಗಾಯ್ತು. ಗೊತ್ತಿರೋರು ಪಕ್ಷಪಾತ ಮಾಡ್ತಾರೆ, ಏನೂ ಗೊತ್ತಿಲ್ಲದೋರೇ ವಾಸಿ ಅಂತಾಯ್ತು. ಇನ್ನು ಕೆಲವು ದೇಶದಲ್ಲಿ ನ್ಯಾಯಾಧೀಶರೇ ಪ್ರಶ್ನೆ ಕೇಳ್ತಾರೆ, ತಾವೇ ಕೆದಕ್ತಾರೆ, ಬೇಕಾದ್ರೆ ಜಾಗಕ್ಕೂ ಹೋಗ್ತಾರೆ. ನಮ್ಮಂಥ ಕಡೆ ಅವರು ಸುಮ್ಮನೆ ಕೂತಿರ್ತಾರೆ, ಎರಡೂ ಕಡೆಯವರು ತಂದು ಸುರಿದಿದ್ದರಲ್ಲಿ ಆರಿಸ್ತಾರೆ. ಎರಡಕ್ಕೂ ಅವುಗಳದ್ದೇ ಕಾರಣ ಇದೆಯಮ್ಮಾ. ತಾನೇ ಕೆದಕೋನು ಒಂದು ಕಡೆ ವಾಲಿಬಿಡಬಹುದು."

ನಾನು ಒಪ್ಪಿದೆ. ವಾಲಬಾರದು, ಸರಿ. ಸೇನೆಯಿಲ್ಲದ, ಖಜಾನೆಯಿಲ್ಲದ ಈ ಅಧಿಕಾರವನ್ನು ರಾಜನ ಕೈಯಿಂದ ಬಿಡಿಸಿ ತರಲು ಎಷ್ಟು ತಲೆಮಾರು ಬೇಕಾಯಿತು, ಎಷ್ಟು ನ್ಯಾಯಾಧೀಶರು ಕೆಲಸ ಕಳೆದುಕೊಂಡರು ಎಂದೂ ಮೇಷ್ಟ್ರು ಹೇಳಿದರು. ಅದನ್ನೂ ಗೌರವದಿಂದ ಕೇಳಿಸಿಕೊಂಡೆ. ಆದರೆ ರಾಜನ ಅಧಿಕಾರವನ್ನು ಬಿಡಿಸಿ ತರುವಾಗ ರಾಜನ ಸಿಂಹಾಸನವನ್ನೂ ಹೊತ್ತು ತಂದುಬಿಟ್ಟಿರಾ? ಕುದುರೆ ಹತ್ತಿ ಊರೂರು ತಿರುಗಿದ ಕಸುಬು ಹನ್ನೊಂದು ನಿಮಿಷ ನಡೆಯಲಾರದಷ್ಟು ಬೆಳವಣಿಗೆ ಕಂಡಿತೇ? ಯಾರ ಕಡೆಗೂ ವಾಲದಿರುವುದಕ್ಕೂ ಯಾವ ಕಡೆಗೂ ನೋಡದಿರುವುದಕ್ಕೂ ವ್ಯತ್ಯಾಸ ಇಲ್ಲವೇ? ನನ್ನಂಥವಳ ಮೇಲೆ ತಮಗಿರುವ ಅಧಿಕಾರವಾದರೂ ಏನು? ತಮ್ಮ ಜವಾನ 'ಸದ್ದು' ಎಂದರೆ ನಾನು ಬಾಯಿ ಮುಚ್ಚುತ್ತೇನೆ. ತಾವು ಬಂದರೆ ಎದ್ದು ನಿಲ್ಲುತ್ತೇನೆ. ತಾವು ಬರೆದರೆ ಒಪ್ಪಿಕೊಳ್ಳುತ್ತೇನೆ. ತಮ್ಮ ಅಧಿಕಾರ ನಿಂತಿರುವುದು ಇದರ ಮೇಲೆ, ಅಂದರೆ ನನ್ನ ಅತ್ತಿಗೆಯಂಥವರ ಮೇಲೆ. ಅದನ್ನೇ ತಾವು ಹೊಳೆದ ಕಥೆ ಎಂದಿರಿ.

ಇಷ್ಟಾದರೂ ನಾನು ಈ ಪತ್ರ ಬರೆಯುತ್ತಿರಲಿಲ್ಲ. ಹಾಳಾಗಿ ಹೋಗಲಿ, ನನ್ನ ಹಣೆಬರಹ ಎಂದು ಸುಮ್ಮನಾಗುತ್ತಿದ್ದೆ. ಬರೆಸಿದ್ದು ಹೋದ ವಾರ ಬಂದ ಒಂದು ಅಂಚೆ. ಬೇರೆ ಊರಿನ ಒಬ್ಬ ಕೈಗಡಿಯಾರ ರಿಪೇರಿಯವರು ಬರೆದದ್ದು, ಮುತ್ತಿನಂಥ ಅಕ್ಷರ. ಅವರ ಅಂಗಡಿಯ ಕಿಟಕಿಗೂ ಯಾರೋ ಗೋಡೆ ಕಟ್ಟಿದ್ದಾರೆ. ಅವರೂ ದಾವೆ ಹಾಕಿದ್ದಾರೆ. ಎದುರು ವಕೀಲರು ನನ್ನ ತೀರ್ಪನ್ನು ಓದಿದರಂತೆ: ಮೇಲಿನ ನ್ಯಾಯಾಲಯ ಹೇಳಿದೆ, ಕಮಿಷನರ ವರದಿ ಇರುವಾಗ ಕಕ್ಷಿದಾರರ ಮಾತಿಗೆ ಬೆಲೆಯಿಲ್ಲ, ದೀಪದ ಬೆಳಕೂ ಬೆಳಕೇ. ಅವರ ದಾವೆ ವಜಾ ಆಯಿತು. 'ತಂಗಿ, ನಿಮ್ಮ ಮೇಲೆ ನನಗೆ ಕೋಪವಿಲ್ಲ, ನಿಮ್ಮ ಕೇಸಿನಲ್ಲಿ ನಿಜಕ್ಕೂ ಏನಾಯಿತು ಎಂದು ತಿಳಿಸುತ್ತೀರಾ?' ಎಂದು ಕೇಳಿದ್ದಾರೆ.

ನಾನು ಆ ಪತ್ರ ಹಿಡಿದು ಮೇಷ್ಟ್ರ ಮನೆಗೆ ಓಡಿದೆ. ಅವರು ಪತ್ರ ಓದಿ ಕನ್ನಡಕ ತೆಗೆದರು. ಆಮೇಲೆ ಹೇಳಿದರು: ಕೆಲವು ದೇಶಗಳಲ್ಲಿ ತೀರ್ಪು ಆ ಇಬ್ಬರ ಜಗಳಕ್ಕೆ ಮಾತ್ರ, ಮುಂದಿನ ನ್ಯಾಯಾಧೀಶ ಅದನ್ನು ಓದಬಹುದು, ಬಿಡಬಹುದು. ನಮ್ಮಲ್ಲಿ ಮೇಲಿನವರು ಒಮ್ಮೆ ಹೇಳಿದರೆ ಕೆಳಗಿನವರೆಲ್ಲ ಅದಕ್ಕೆ ಬದ್ಧ. ಒಂದೇ ಥರದ ಜಗಳಕ್ಕೆ ಒಂದೇ ಥರದ ನ್ಯಾಯ ಸಿಗಲಿ ಎನ್ನುವ ಒಳ್ಳೆಯ ಉದ್ದೇಶದಿಂದಲೇ ಬೆಳೆದದ್ದಂತೆ ಅದು. ಅವರು ಪಾಠದ ಹಾಗೆ ಹೇಳಿ ಮುಗಿಸಲು ನೋಡಿದರು, ಆಗಲಿಲ್ಲ. "ಛೆ, ಇದು ಆಗಬಾರದಿತ್ತಮ್ಮಾ," ಎಂದು ಕನ್ನಡಕ ಒರೆಸುತ್ತಲೇ ಇದ್ದರು.

ಅಂದರೆ ನನ್ನ ಮನೆಯ ಆ ಮಧ್ಯಾಹ್ನ ಈಗ ಕಾನೂನು. ಇನ್ನೆಷ್ಟು ಜನ ಕಣ್ಣನ್ನೇ ನಂಬಿ ಬದುಕುವವರು, ಪುಸ್ತಕದ ಹೊಲಿಗೆ ಹಾಕುವವರು, ಚಿತ್ರ ತಿದ್ದುವವರು, ಹಲ್ಲು ಕಟ್ಟುವವರು, ನನ್ನ ಹೆಸರಿನ ತೀರ್ಪಿನ ಕೆಳಗೆ ಕತ್ತಲಲ್ಲಿ ಕೂರಬೇಕೋ ತಿಳಿಯದು. ನಾನು ಕೆಟ್ಟ ರಫು ಮಾಡಿದರೆ ಕೆಡುವುದು ಒಂದು ಕೋಟು. ಗಿರಾಕಿ ಬಂದು ಬೆನ್ನು ತೋರಿಸುತ್ತಾನೆ, ನಾನು ಬಿಚ್ಚಿ ಮತ್ತೆ ಮಾಡಿಕೊಡುತ್ತೇನೆ. ತಮ್ಮ ಕೆಲಸ ಕೆಟ್ಟರೆ ಅದಕ್ಕೆ ಸಂಖ್ಯೆ ಕೊಟ್ಟು, ಅಚ್ಚು ಹಾಕಿ, ಹೊಲಿಗೆ ಹಾಕಿ, ಕಪಾಟಿನಲ್ಲಿಟ್ಟು ಅದರಂತೆ ನಡೆಯಿರಿ ಎನ್ನುತ್ತೀರಿ.

ಅತ್ತಿಗೆಗೆ ನಾನು ಗಡಿಯಾರದವರ ಪತ್ರ ತೋರಿಸಬಾರದಿತ್ತು. ತೋರಿಸಿದೆ, ಸಿಟ್ಟಿನಲ್ಲಿ. ಅವರು ಎರಡು ಸಲ ಓದಿದರು. "ಅವರದ್ದೂ ನಾನೇ ಹಾಳು ಮಾಡಿದೆ ಅಂತಾಯ್ತು," ಎಂದರು. "ನೀವಲ್ಲ ಅತ್ತಿಗೆ, ಕೋರ್ಟು," ಎಂದೆ. "ಕೋರ್ಟಿಗೇನು ಗೊತ್ತು ಪಾಪ, ಅವರು ಬರಲೇ ಇಲ್ವಲ್ಲಾ," ಎಂದರು. ಪಾಪ! ತಮ್ಮನ್ನು ಸುಳ್ಳುಗಾರ್ತಿ ಎಂದು ಬರೆದವರಿಗೆ ಅವರು ಪಾಪ ಎಂದರು. ನನಗೆ ಅಳು ಬಂತು, ಅದಕ್ಕಿಂತ ಹೆಚ್ಚಾಗಿ ಕೋಪ ಬಂತು. ಆ ರಾತ್ರಿ ಅವರು ಊಟ ಮಾಡಲಿಲ್ಲ. ಮನೆಗೆ ಯಾರಾದರೂ ಬಂದರೆ ಈಗ ಬಾಗಿಲು ತೆರೆಯಲೂ ಅವರು ಏಳುವುದಿಲ್ಲ, ನನ್ನ ಮುಖ ನೋಡುತ್ತಾರೆ. ಅರವತ್ಮೂರು ವರ್ಷದ ಹೆಂಗಸಿಗೆ ಯಾರನ್ನಾದರೂ ಒಳಗೆ ಕರೆಯುವುದಕ್ಕೆ ಭಯ ಹುಟ್ಟಿಸಿದ್ದೀರಿ. ಇದಕ್ಕೆ ಯಾವ ಕಾಯ್ದೆಯಲ್ಲಿ ಪರಿಹಾರವಿದೆ?

ನನ್ನ ಪುನರ್‌ಪರಿಶೀಲನಾ ಅರ್ಜಿ ಈ ತಿಂಗಳ ಇಪ್ಪತ್ತನಾಲ್ಕರಂದು ತಮ್ಮ ಮುಂದೆ ಬರುತ್ತದೆ. ಇಂಥ ಅರ್ಜಿಗಳನ್ನು ವಾದ ಕೇಳದೆ, ಒಳಕೋಣೆಯಲ್ಲಿಯೇ ಓದಿ ಮುಗಿಸುತ್ತಾರಂತೆ. ಇದೇ ಕೊನೆಯ ಬಾಗಿಲು ಎಂದು ನನ್ನ ವಕೀಲರು ಹೇಳಿದ್ದಾರೆ. ಇದು ಮುಚ್ಚಿದರೆ ಕೋಣೆ ಬಿಟ್ಟುಕೊಟ್ಟು ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಗುಂಡಿ ಹಚ್ಚುವ ಕೆಲಸಕ್ಕೆ ಸೇರುತ್ತೇನೆ, ಮಾತಾಡಿಯೂ ಆಗಿದೆ. ದೊಡ್ಡಮ್ಮ ನನಗೆ ಕಲಿಸಿದ ಕೆಲಸ ನನ್ನ ಕೈಯಲ್ಲೇ ಮುಗಿಯುತ್ತದೆ.

ಆದ್ದರಿಂದ ನನ್ನ ಒತ್ತಾಯ ಇಷ್ಟು. ಇಪ್ಪತ್ತನಾಲ್ಕರೊಳಗೆ ಯಾವುದಾದರೂ ಒಂದು ಹಗಲು ತಾವು, ಇಲ್ಲವೇ ಸಹಿ ಹಾಕುವವರಲ್ಲಿ ಯಾರಾದರೂ ಒಬ್ಬರು, ನನ್ನ ಕೋಣೆಗೆ ಬನ್ನಿ. ಹೇಳದೆ ಬನ್ನಿ. ನಾನು ವಾದ ಮಾಡುವುದಿಲ್ಲ, ಒಂದು ಮಾತೂ ಆಡುವುದಿಲ್ಲ. ಕಿಟಕಿಯ ಬಳಿ ನಿಂತು, ಕಪ್ಪು ಯಾವುದು, ಕಡುನೀಲಿ ಯಾವುದು ಎಂದು ನನ್ನ ಪೆಟ್ಟಿಗೆಯಿಂದ ಆರಿಸಿ ತೋರಿಸಿ, ಹೊರಟುಬಿಡಿ. ಸರಿಯಾಗಿ ಆರಿಸಿದರೆ ಅರ್ಜಿ ವಜಾ ಮಾಡಿ, ಗಡಿಯಾರದವರಿಗೆ ನಾನೇ ಬರೆದು ಕ್ಷಮೆ ಕೇಳುತ್ತೇನೆ.

ಬರಲಾಗುವುದಿಲ್ಲವೇ? ಆಗಲಿ. ಕಾರಣ ಕೊಡದ ತೀರ್ಪು ತೀರ್ಪೇ ಅಲ್ಲ ಎಂದು ತಾವೇ ಎಷ್ಟೋ ಕಡೆ ಬರೆದಿದ್ದೀರಂತೆ, ಮೇಷ್ಟ್ರು ಹೇಳಿದರು. ಹಾಗಾದರೆ ನನ್ನ ಅರ್ಜಿ ವಜಾ ಮಾಡುವ ಆದೇಶದಲ್ಲಿ ಒಂದೇ ಒಂದು ಸಾಲು ಸೇರಿಸಿ, ಅದರ ಕೆಳಗೆ ಸಹಿ ಹಾಕಿ: 'ಈ ಕೋಣೆಯನ್ನು ನಮ್ಮಲ್ಲಿ ಯಾರೂ ನೋಡಿಲ್ಲ.' ಅಷ್ಟು ಸಾಕು. ಮುಂದೆ ಯಾವ ವಕೀಲರು ನನ್ನ ತೀರ್ಪನ್ನು ಯಾರ ವಿರುದ್ಧ ಓದಿದರೂ ಆ ಸಾಲನ್ನೂ ಓದಬೇಕಾಗುತ್ತದೆ. ಅದರಲ್ಲಿ ಸುಳ್ಳೇನಿಲ್ಲ, ತಮಗೆ ಖರ್ಚಿಲ್ಲ, ಕುರ್ಚಿಯಿಂದ ಏಳುವ ಅಗತ್ಯವೂ ಇಲ್ಲ.

ಇಂತಿ,
ತಮ್ಮ ತೀರ್ಪಿನ ಪ್ರಕಾರ ಬೆಳಕಿನಲ್ಲಿ ಕುಳಿತು,
ಈ ಪತ್ರವನ್ನು ಬೀದಿಗಿಳಿದು ಬರೆದ
ಒಬ್ಬ ರಫು ಕೆಲಸದವಳು